ಒಮ್ಮೆ ಓದಿ ಹೇಳವ್ವಾ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ಹಬ್ಬದ ಮೂರು ದಿನವೂ ಕಂಪ್ಯೂಟರು ಬಿಟ್ಟು ಏಳಲಿಲ್ಲ. ನಾನು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದೆ. ಅವಳು ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಟಕಟಕ ಒತ್ತುತ್ತಿದ್ದಳು.

"ಹೊಸ್ತಿಲ ಮ್ಯಾಲ ಕೂಡಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕು ನಿನಗ?" ಎಂದೆ.

"ನಾ ಮಾಡೋ ಕೆಲಸನೂ ಹೊಸ್ತಿಲದ್ದೇ ಅದ ಅವ್ವಾ" ಎಂದು ನಕ್ಕಳು.

ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ "ಕಂಪ್ಯೂಟರ್" ಎಂದು ಹೇಳಿ ಮಾತು ತಿರುಗಿಸುವವಳು ನಾನು. ಅಂದು ಕೈಯಲ್ಲಿ ಹಿಟ್ಟು ಇದ್ದದ್ದರಿಂದ ಎದ್ದು ಹೋಗಲಾಗಲಿಲ್ಲ, ಕೂತು ಕೇಳಿದೆ. ಕಚೇರಿಗಳಲ್ಲಿ ಇ-ಮೇಲ್ ಬರೆಯಲು ಔಟ್‌ಲುಕ್ ಎಂಬ ವ್ಯವಸ್ಥೆ ಇದೆಯಂತೆ. ಅದಕ್ಕೆ ಹೊರಗಿನಿಂದ ಜೋಡಿಸುವ ಸಣ್ಣ ಪ್ರೋಗ್ರಾಮಿಗೆ ಆಡ್-ಇನ್ ಎನ್ನುತ್ತಾರೆ. ಸೀರೆಗೆ ಫಾಲ್ ಹಚ್ಚಿದ ಹಾಗೆ ಎಂದುಕೊಳ್ಳಿ. ಸೀರೆ ಅದೇ, ಅಂಚಿಗೊಂದು ಕಾವಲು. ಬರೆದವರು 'ಕಳುಹಿಸು' ಎಂಬ ಗುಂಡಿ ಒತ್ತಿದ ಕೂಡಲೆ ಪತ್ರ ಹೋಗಿಬಿಡುವುದಿಲ್ಲ. ಮೊದಲು ಈ ಆಡ್-ಇನ್‌ಗೆ ಸುದ್ದಿ ಬರುತ್ತದೆ. ಅದು ಯಾರಿಗೆ ಹೋಗುತ್ತಿದೆ, ವಿಷಯ ಬರೆದಿದೆಯೇ, ಒಳಗೇನಿದೆ ಎಂದು ನೋಡಿ 'ಬಿಡು' ಅಥವಾ 'ತಡೆ' ಎಂದು ಉತ್ತರ ಕೊಡಬೇಕು. 'ಪಟ್ಟಿಯನ್ನು ಲಗತ್ತಿಸಿದ್ದೇನೆ' ಎಂದು ಬರೆದು ಪಟ್ಟಿಯನ್ನೇ ಮರೆತಿದ್ದರೆ ನೆನಪಿಸುತ್ತದೆ. ಕಚೇರಿಯ ಹೊರಗಿನವರ ವಿಳಾಸ ನಡುವೆ ಸೇರಿಕೊಂಡಿದ್ದರೆ ಎಚ್ಚರಿಸುತ್ತದೆ. ಆಧಾರ್ ಸಂಖ್ಯೆಯಂಥ 12 ಅಂಕಿಗಳು ಕಂಡರೆ ನಿಲ್ಲಿಸುತ್ತದೆ.

ಹೋಳಿಗೆ ತಿರುವಿ ಹಾಕುತ್ತ "ಇಷ್ಟೇನಾ? ಇದನ್ನ ನಾವು ಶಹಾಪುರದಾಗ ಮಾಡ್ತಿದ್ವಿ" ಎಂದೆ. ಮಗಳು ಕಂಪ್ಯೂಟರಿನಿಂದ ತಲೆ ಎತ್ತಿದಳು.

ನನ್ನ ತವರು ಶಹಾಪುರ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಅಂದರೆ 1980ರ ದಶಕದ ಆರಂಭದಲ್ಲಿ, ನಮ್ಮ ಓಣಿಯ ಹೆಂಗಸರಲ್ಲಿ ಓದು ಬಲ್ಲವರು ಬೆರಳೆಣಿಕೆಯಷ್ಟು. ಗಂಡಸರು ದುಡಿಯಲು ಮುಂಬಯಿಗೆ, ಸೊಲ್ಲಾಪುರಕ್ಕೆ, ಪುಣೆಗೆ ಹೋಗಿದ್ದರು. ಅವರಿಗೆ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎದುರುಮನೆ ಚಿಗವ್ವ ತಿಂಗಳಿಗೊಂದು 15 ಪೈಸೆಯ ಕಾರ್ಡು ಸೆರಗಿನ ಗಂಟಿನಿಂದ ಬಿಚ್ಚಿ ಕೊಡುವಳು. ನಾನು ಪಾಠದ ಪುಸ್ತಕದಲ್ಲಿ ಕಲಿತಂತೆ 'ತೀರ್ಥರೂಪು ಸಮಾನರಾದ' ಎಂದು ಶುರುಮಾಡುವೆ. ಬರೆದು ಮುಗಿದ ಮೇಲೆ ಅವಳದು ಯಾವಾಗಲೂ ಒಂದೇ ಮಾತು: "ಒಮ್ಮೆ ಓದಿ ಹೇಳವ್ವಾ."

ನನಗೆ ಆಟಕ್ಕೆ ಓಡುವ ಅವಸರ. ಗಡಿಬಿಡಿಯಲ್ಲಿ ಓದಿದರೆ ಬಿಡುತ್ತಿರಲಿಲ್ಲ. "ಇದು ನನ್ನ ಮಾತಲ್ಲ. ನಾ ಹಿಂಗ ಮಾತಾಡಂಗಿಲ್ಲ. ನಿಮ್ಮ ಕಾಕಾ ನಂಬಂಗಿಲ್ಲ" ಎನ್ನುವಳು. ನಾನು ಹೊಡೆದು, ಅವಳು ಹೇಳಿದಂತೆಯೇ ಮತ್ತೆ ಬರೆಯಬೇಕು. ಒಂದು ಸಲ ಅತ್ತೆಯ ಮೇಲೆ ಸಿಟ್ಟು ಬಂದು ಏನೇನೋ ಬರೆಸಿದಳು. ನಾನು ಓದಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನೆ ಕುಳಿತಳು. ಆಮೇಲೆ ಹೇಳಿದಳು: "ಆ ಸಾಲು ಹೊಡಿ. ಬಾಯಾಗ ಇದ್ದಾಗ ಸಣ್ಣದಿತ್ತು, ಕಾಗದದಾಗ ದೊಡ್ಡದಾತು."

ಅಕ್ಷರ ಬಾರದ ಆ ಹೆಂಗಸು ಹೇಳಿದ್ದು ಎಷ್ಟು ದೊಡ್ಡ ಮಾತೆಂದು ನನಗೆ ತಿಳಿಯಲು ನಲವತ್ತು ವರ್ಷ ಬೇಕಾಯಿತು.

ಓದಿಸಿ ಕೇಳುವುದು ನಮ್ಮ ಭಾಗದವರಿಗೆ ಬರೀ ಸಂಪ್ರದಾಯವಲ್ಲ, ಆತ್ಮರಕ್ಷಣೆಯೂ ಆಗಿತ್ತು. ಯಾದಗಿರಿ, ಶಹಾಪುರ, ಸುರಪುರಗಳೆಲ್ಲ 1948ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ದಫ್ತರದ ಭಾಷೆ ಮೊದಲು ಫಾರ್ಸಿ, 1880ರ ದಶಕದಿಂದ ಉರ್ದು. ಮನೆಯಲ್ಲಿ ಕನ್ನಡವಾಡುವ ರೈತ ಹೊಲದ ತಕರಾರಿಗೆ ಅರ್ಜಿ ಕೊಡಬೇಕೆಂದರೆ ಮುನ್ಷಿಯ ಮುಂದೆ ಕೂಡಬೇಕು. ಅವನು ಕನ್ನಡದಲ್ಲಿ ಹೇಳಿದ್ದು ಬಲದಿಂದ ಎಡಕ್ಕೆ ಓಡುವ ಅಕ್ಷರಗಳಾಗಿ ಕಾಗದಕ್ಕೆ ಇಳಿಯುವುದು. ಒಳಗೆ ತನ್ನ ಹೊಲ ಇದೆಯೋ ಬದಿಯವನ ಹೊಲ ಇದೆಯೋ ದೇವರಿಗೇ ಗೊತ್ತು. ಹೆಬ್ಬೆಟ್ಟು ಒತ್ತುವ ಮುಂಚೆ "ಓದಿ ಹೇಳ್ರಿ ಸಾಹೇಬ್ರ" ಎಂದು ಕೈಮುಗಿಯುವುದೊಂದೇ ಅವನ ಕೈಯಲ್ಲಿದ್ದದ್ದು. ಇಂದಿಗೂ ನಮ್ಮ ಖರೀದಿ ಪತ್ರ, ಮೃತ್ಯುಪತ್ರಗಳ ಕೊನೆಗೆ 'ಓದಿಸಿ ಕೇಳಿ, ಸರಿಯೆಂದು ಒಪ್ಪಿ' ಎಂಬ ಅರ್ಥದ ಸಾಲು ಬರುತ್ತದೆ. ಕೋರ್ಟಿನಲ್ಲಿ ಸಾಕ್ಷಿ ಹೇಳಿದವರಿಗೆ ಅವರ ಹೇಳಿಕೆಯನ್ನು ಓದಿ ಹೇಳಿ, ತಪ್ಪಿದ್ದರೆ ತಿದ್ದಬೇಕೆಂಬ ನಿಯಮವೂ ಉಂಟು. ನಾವು ಅದನ್ನು ಓದದೆ ಸಹಿ ಮಾಡುತ್ತೇವೆ, ಆ ಮಾತು ಬೇರೆ.

ಅಂಚೆಯೂ ಹಾಗೆಯೇ ಬೆಳೆಯಿತು. ನಿಜಾಮರ ಸಂಸ್ಥಾನ 1869ರಲ್ಲಿ ತನ್ನದೇ ಅಂಚೆಚೀಟಿ ಹೊರಡಿಸಿತು. 1871ರಲ್ಲಿ ಮುಂಬಯಿಯಿಂದ ಬಂದ ರೈಲು ದಾರಿ ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿಕೊಂಡಿತು. ನಡುವಿನ ಯಾದಗಿರಿ ಆ ದಾರಿಯ ಮೇಲೆ ಬಂತು. ಸಂಸ್ಥಾನದ ಅಂಚೆ 1950ರಲ್ಲಿ ಭಾರತದ ಅಂಚೆಯೊಳಗೆ ಸೇರಿತು. ನನಗೆ ನೆನಪಿರುವ ಕಾಲಕ್ಕೆ ಟಪಾಲು ಯಾದಗಿರಿ ಸ್ಟೇಷನ್ನಿಗೆ ಬಂದು, ಬಸ್ಸಿನಲ್ಲಿ ಭೀಮಾ ನದಿ ದಾಟಿ ಶಹಾಪುರಕ್ಕೆ, ಮುಂದೆ ಸುರಪುರಕ್ಕೆ ಬರುತ್ತಿತ್ತು. ಬರೆದ ಕಾಗದ ಡಬ್ಬಿಗೆ ಬೀಳುವ ಮುಂಚೆ ಒಂದು ರಾತ್ರಿಯಾದರೂ ಮನೆಯ ಗೂಡಿನಲ್ಲಿ ಇರುತ್ತಿತ್ತು. ಆ ರಾತ್ರಿಯಲ್ಲಿ ಎಷ್ಟೋ ಕಾಗದಗಳು ಒಲೆ ಸೇರಿದವು. ಎಷ್ಟೋ ಮನೆಗಳು ಉಳಿದವು.

ತಂತಿಗೆ ಅಷ್ಟು ಸಮಯವಿರಲಿಲ್ಲ. ಆದರೆ ಮಾತಿಗೆ ಇಷ್ಟು ಎಂದು ದುಡ್ಡು. ಕೌಂಟರಿನ ಗುಮಾಸ್ತ ಒಂದೊಂದೇ ಶಬ್ದ ಎಣಿಸುವಾಗ, ಕೊಡುವವರ ಮನಸ್ಸೂ ಎಣಿಸುತ್ತಿತ್ತು. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತಿತು. ಅಷ್ಟರಲ್ಲಿ ಇ-ಮೇಲ್ ಹಳೆಯದಾಗಿತ್ತು. ಅಮೆರಿಕದ ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಿ, ವಿಳಾಸದ ನಡುವೆ '@' ಗುರುತು ಇಟ್ಟವನು. ನಮ್ಮಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕದ್ದು 1995ರ ಆಗಸ್ಟ್ 15ರಂದು. ಅಲ್ಲಿಂದ ಗೂಡಿನ ಆ ಒಂದು ರಾತ್ರಿ ಹೋಯಿತು. ಓದಿ ಹೇಳುವವರೂ ಹೋದರು. ನಮಗೆ ನಾವೇ ಬರೆಯಲು ಬಂತು, ಬಹಳ ಒಳ್ಳೆಯದಾಯಿತು. ಆದರೆ ಬರೆದದ್ದನ್ನು ಇನ್ನೊಬ್ಬರ ಬಾಯಿಂದ ಕೇಳುವ ಭಾಗ್ಯ ತಪ್ಪಿತು.

ಮಗಳು ಇಲ್ಲೊಂದು ಪ್ರಶ್ನೆ ಹಾಕಿದಳು. "ಅವ್ವಾ, ಇನ್ನೊಬ್ರ ಪತ್ರ ಓದೋದು ತಪ್ಪಲ್ಲೇನು? ನನ್ನ ಆಡ್-ಇನ್‌ಗೂ ಜನ ಹಂಗೇ ಅಂಜ್ತಾರ."

ಅಂಜಿಕೆಗೆ ಕಾರಣವಿದೆ. ಎರಡು ಮಹಾಯುದ್ಧಗಳ ಕಾಲದಲ್ಲಿ ಸರ್ಕಾರ ಟಪಾಲು ಒಡೆದು ಓದಿತು. 1975ರ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳು ಅಚ್ಚಿಗೆ ಮುನ್ನ ಸುದ್ದಿಯನ್ನು ಅಧಿಕಾರಿಗಳಿಗೆ ತೋರಿಸಬೇಕಾಯಿತು. ಅದೂ ಕಳಿಸುವ ಮುನ್ನಿನ ತಪಾಸಣೆಯೇ. ಆದರೆ ಚಿಗವ್ವನಿಗೆ ನಾನು ಓದಿ ಹೇಳಿದ್ದು ಬೇರೆ, ಅಧಿಕಾರಿ ಕೆಂಪು ಶಾಯಿಯಲ್ಲಿ ಹೊಡೆದದ್ದು ಬೇರೆ. ನಾನು ಓದಿದರೂ ಸಾಲು ಹೊಡೆಯುವ ಹಕ್ಕು ಚಿಗವ್ವನದು. "ನಿನ್ನದು ಯಾರ ಕಡೆ?" ಎಂದು ಮಗಳನ್ನು ಕೇಳಿದೆ. ತನ್ನ ಆಡ್-ಇನ್ ಪತ್ರವನ್ನು ಬರೆದವರ ಕಂಪ್ಯೂಟರಿನಲ್ಲೇ ನೋಡುತ್ತದೆ, ಎಲ್ಲಿಗೂ ನಕಲು ಕಳಿಸುವುದಿಲ್ಲ, ಹಾಗೆಯೇ ಕಟ್ಟಿದ್ದೇನೆ ಎಂದಳು. ನನಗೆ ಸಮಾಧಾನವಾಯಿತು.

ಹೊರಗೆ ಹೋಗಬಾರದ ಮಾತು ಎಂದರೆ ಸುರಪುರದವರಾದ ನಮಗೆ ಒಬ್ಬ ಅರಸನ ನೆನಪು ಬರುತ್ತದೆ. ನಾನು ಈ ಊರಿಗೆ ಸೊಸೆಯಾಗಿ ಬಂದು, ಇಲ್ಲಿಯೇ ಇತಿಹಾಸ ಪಾಠ ಹೇಳುತ್ತ ಮೂರು ದಶಕ ಕಳೆದವು. ಪ್ರತಿವರ್ಷ ಮಕ್ಕಳನ್ನು ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಲು ಕರೆದುಕೊಂಡು ಹೋಗುತ್ತೇನೆ. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದ. ಬಾಲಕ ದೊರೆ ರಾಜಾ ವೆಂಕಟಪ್ಪ ನಾಯಕನ ಪರವಾಗಿ 1853ರ ತನಕ ಆಡಳಿತ ನೋಡಿದ. ದೊರೆ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಬೆಳೆದ ದೊರೆ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ. ಫೆಬ್ರವರಿಯಲ್ಲಿ ಸುರಪುರದಲ್ಲಿ ಕದನವಾಯಿತು. ದೊರೆ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ.

ಸೆರೆಯಲ್ಲಿ ಅವನನ್ನು ಕಾಣಲು ಟೇಲರ್ ಹೋದ. ನಿನ್ನನ್ನು ಎತ್ತಿಕಟ್ಟಿದವರು ಯಾರೆಂದು ಹೇಳಿದರೆ ಶಿಕ್ಷೆ ಕಡಿಮೆಯಾದೀತು ಎಂಬ ಆಸೆ ಅವನ ಮುಂದಿತ್ತು. ದೊರೆ ಹೇಳಲಿಲ್ಲ. ಜೀವ ಉಳಿಸಿಕೊಳ್ಳಲು ತನ್ನವರ ಹೆಸರು ಬಿಟ್ಟುಕೊಡುವವನು ತಾನಲ್ಲ ಎಂದ. ಇದನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮರಣದಂಡನೆ ಮೊದಲು ಜೀವಾವಧಿ ಗಡಿಪಾರಿಗೆ, ಆಮೇಲೆ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಮದರಾಸಿನ ಕಡೆಯ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಹೈದರಾಬಾದಿನ ಹತ್ತಿರವೇ ಗುಂಡೇಟಿನಿಂದ ಸತ್ತ. ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆದ. ಹಾಗಲ್ಲ ಎನ್ನುವವರು ನಮ್ಮ ಊರಲ್ಲಿ ಇಂದಿಗೂ ಇದ್ದಾರೆ. ವಯಸ್ಸು 24ರ ಆಸುಪಾಸು. ನಾನು ಮಕ್ಕಳಿಗೆ ಕದನಕ್ಕಿಂತ ಹೆಚ್ಚಾಗಿ ಆ ಹೇಳದೆ ಉಳಿದ ಹೆಸರುಗಳ ಕಥೆ ಹೇಳುತ್ತೇನೆ. ಹೇಳುತ್ತಿದ್ದೆ ಎನ್ನಬೇಕು. 2021ರ ನಂತರ ಆ ಪಾಠ ಬಂದಾಗ ನನ್ನ ದನಿ ಇಳಿದುಬಿಡುತ್ತದೆ.

ಆ ವರ್ಷ ಕೊರೊನಾದಿಂದ ಶಾಲೆ ಮುಚ್ಚಿತ್ತು. ಪಾಠ, ಹಾಜರಿ, ಪರೀಕ್ಷೆಯ ಸುದ್ದಿ ಎಲ್ಲ ಫೋನಿನಲ್ಲಿ. ಪ್ರತಿ ತರಗತಿಗೂ ಪಾಲಕರದೊಂದು ವಾಟ್ಸಾಪ್ ಗುಂಪು. ಹತ್ತನೆಯ ಇಯತ್ತೆಯ ಒಬ್ಬ ಹುಡುಗಿ ನೋಟ್ಸ್ ಕೇಳುವ ನೆಪದಲ್ಲಿ ನಮ್ಮ ಮನೆಗೆ ಬಂದು, ನನ್ನ ಕೈ ಹಿಡಿದುಕೊಂಡು, ಮನೆಯಲ್ಲಿ ತನ್ನ ಮದುವೆ ಗೊತ್ತು ಮಾಡಿದ್ದಾರೆಂದು ಹೇಳಿದಳು. "ನಾ ಹೇಳಿದ್ದು ಯಾರಿಗೂ ಗೊತ್ತಾಗಬಾರ್ದು ಟೀಚರ್" ಎಂದಳು. ಆಗಲಿ ಎಂದೆ. ಅಂದು ರಾತ್ರಿ ಸಹೋದ್ಯೋಗಿಯೊಬ್ಬರಿಗೆ ಬರೆದೆ: ಇಂಥ ಹುಡುಗಿ ತಾನೇ ಬಂದು ಹೇಳಿದ್ದಾಳೆ, 1098ಕ್ಕೆ ಫೋನು ಮಾಡೋಣವೇ ಎಂದು. ಹೆಬ್ಬೆರಳಿನಿಂದ ಒತ್ತಿದೆ. ಅದು ಹೋದದ್ದು ಪಾಲಕರ ಗುಂಪಿಗೆ.

ಒಂದು ನಿಮಿಷದೊಳಗೆ ನೋಡಿಕೊಂಡು ಅಳಿಸಿದೆ. ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ 2017ರಿಂದ ವಾಟ್ಸಾಪಿನಲ್ಲಿದೆ. ಆದರೆ ಓದಿದವರ ಕಣ್ಣಿನಿಂದ ಅಳಿಸುವ ಸೌಲಭ್ಯ ಯಾರೂ ಮಾಡಿಲ್ಲ. ಬೆಳಗಾಗುವುದರೊಳಗೆ ಊರಿಗೆ ಗೊತ್ತಾಯಿತು. ಅಧಿಕಾರಿಗಳು ಬಂದು ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡರು, ಮದುವೆ ನಿಂತಿತು. "ಒಳ್ಳೇದೇ ಆತಲ್ರಿ ಟೀಚರ್" ಎಂದು ಹಲವರು ಸಮಾಧಾನ ಹೇಳಿದರು. ಮದುವೆ ನಿಲ್ಲಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೇಳಿದವಳು ಯಾರೆಂದು ಗೊತ್ತಾದ್ದಕ್ಕೆ ಆ ಮಗು ಹೊಡೆತ ತಿಂದಳು. ಅವಳನ್ನು ಬೇರೆ ತಾಲೂಕಿನ ಅತ್ತೆಯ ಮನೆಗೆ ಕಳಿಸಿದರು. ಒಂದು ವರ್ಷ ಕಳೆದು ಅಲ್ಲಿಂದಲೇ ಪರೀಕ್ಷೆ ಕಟ್ಟಿ ಪಾಸಾದಳೆಂದು ಕೇಳಿದೆ. ಜಾತ್ರೆಯಲ್ಲಿ ಒಮ್ಮೆ ಎದುರಾದಾಗ ನನ್ನನ್ನು ನೋಡಿ ಬೇರೆ ಕಡೆ ತಿರುಗಿದಳು. ಅವಳದು ತಪ್ಪಲ್ಲ.

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆಯನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆಸಿದ್ದೇನೋ. ನನಗೇ ಕಲಿಸಲಾಗಲಿಲ್ಲ.

ಇದನ್ನೆಲ್ಲ ಮಗಳಿಗೆ ಮೊದಲ ಸಲ ಹೇಳಿದ್ದು ಈ ದೀಪಾವಳಿಯಲ್ಲಿ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನನ್ನ ಆಡ್-ಇನ್ ಇ-ಮೇಲ್‌ಗೆ ಅಷ್ಟೇ ಅವ್ವಾ, ವಾಟ್ಸಾಪ್‌ಗೆ ನಡಿಯಂಗಿಲ್ಲ" ಎಂದಳು, ಏನೋ ತನ್ನದೇ ತಪ್ಪೆಂಬಂತೆ. ಮರುದಿನದಿಂದ ನಾವಿಬ್ಬರೂ ಕೂಡಿ ಕುಳಿತೆವು.

ಕೆಲಸ ನಾನು ತಿಳಿದಷ್ಟು ಸುಲಭದ್ದಲ್ಲ. ತಡೆಯುವುದರಲ್ಲಿ ಮೂರು ಬಗೆ. ಮೊದಲನೆಯದು ಬರೀ ಕೇಳುವುದು. ಬರೆದವರು 'ಇರಲಿ, ಕಳಿಸು' ಎಂದರೆ ಬಿಡುವುದು. ಎರಡನೆಯದು ತಪ್ಪು ತಿದ್ದುವ ತನಕ ತಡೆಯುವುದು, ಆದರೆ ಕಾವಲುಗಾರನೇ ಹಾಜರಿಲ್ಲದಿದ್ದರೆ ಪತ್ರವನ್ನು ಹೋಗಗೊಡುವುದು. ಮೂರನೆಯದರಲ್ಲಿ ಕಾವಲುಗಾರ ಇಲ್ಲದಿದ್ದರೆ ಬಾಗಿಲೇ ತೆರೆಯುವುದಿಲ್ಲ. ಯಾವ ತಪ್ಪಿಗೆ ಯಾವ ಬಗೆ ಎಂಬುದೇ ವಿಚಾರ. ವಿಷಯದ ಸಾಲು ಖಾಲಿ ಇದ್ದರೆ ಕೇಳಿದರೆ ಸಾಕು. ಮಗುವಿನ ಆಧಾರ್ ಸಂಖ್ಯೆ ಹೊರಗೆ ಹೊರಟಿದ್ದರೆ ತಡೆಯಲೇಬೇಕು.

ಇನ್ನೊಂದು ಕಷ್ಟ ನಮ್ಮ ಭಾಷೆಯದು. ಅವಳ ಪ್ರೋಗ್ರಾಮು ಇಂಗ್ಲಿಷಿನ 'ಅಟ್ಯಾಚ್ಡ್' ಎಂಬ ಶಬ್ದ ಹುಡುಕುತ್ತಿತ್ತು. ಕನ್ನಡದಲ್ಲಿ ಬರೆದವರನ್ನು ಅದು ಸುಮ್ಮನೆ ಬಿಟ್ಟುಬಿಡುತ್ತಿತ್ತು. ಮೂವತ್ತು ವರ್ಷ ಇಲಾಖೆಗೆ ಪತ್ರ ಬರೆದ ನನ್ನ ಅನುಭವ ಇಲ್ಲಿ ಉಪಯೋಗಕ್ಕೆ ಬಂತು. 'ಲಗತ್ತಿಸಿದೆ', 'ಲಗತ್ತಿಸಲಾಗಿದೆ', 'ಅಡಕ', 'ಇದರೊಂದಿಗೆ ಇಟ್ಟಿದೆ' ಎಂದು ಪಟ್ಟಿ ಮಾಡಿಕೊಟ್ಟೆ. ನಮ್ಮ ಕ್ರಿಯಾಪದಕ್ಕೆ ಬಾಲ ಎಷ್ಟು ಬೇಕಾದರೂ ಬೆಳೆಯುವುದರಿಂದ ಇಡೀ ಶಬ್ದ ಹುಡುಕದೆ ಮೊದಲ ಭಾಗವನ್ನಷ್ಟೇ ಹುಡುಕುವಂತೆ ಮಾಡಿದಳು. ಆಗ ಹೊಸ ತೊಡಕು. ಉತ್ತರ ಬರೆಯುವಾಗ ಕೆಳಗೆ ಅಂಟಿಕೊಂಡು ಬರುವ ಹಳೆಯ ಪತ್ರದಲ್ಲಿ 'ಲಗತ್ತು' ಎಂದಿದ್ದರೂ ಅದು ಕೂಗುತ್ತಿತ್ತು. ಹಳೆಯ ಪತ್ರವನ್ನು ಬಿಟ್ಟು ಹೊಸದಾಗಿ ಬರೆದದ್ದನ್ನು ಮಾತ್ರ ನೋಡುವಂತೆ ತಿದ್ದಿದಳು.

"ಸುಳ್ಳು ಕೂಗು ಹೆಚ್ಚಾದ್ರ ಜನ ಓದದನೇ 'ಕಳಿಸು' ಅಂತ ಒತ್ತಿಬಿಡ್ತಾರ" ಎಂದಳು. ಖರೆ ಮಾತು. ದಿನವಿಡೀ ಗೊಣಗುವ ಅತ್ತೆಯ ಬುದ್ಧಿಮಾತು ಯಾವ ಸೊಸೆಯ ಕಿವಿಗೆ ಬೀಳುತ್ತದೆ? ಜಿಮೇಲಿನವರು ಬೇರೆ ದಾರಿ ಹಿಡಿದಿದ್ದಾರೆ. ಕಳಿಸಿದ್ದನ್ನು ರದ್ದು ಮಾಡುವ ಗುಂಡಿ 2009ರಲ್ಲಿ ಪ್ರಯೋಗಕ್ಕೆ ಬಂದು 2015ರಲ್ಲಿ ಎಲ್ಲರಿಗೂ ಸಿಕ್ಕಿತು. ಅದು ಹೋದ ಪತ್ರವನ್ನು ಹಿಂದೆ ಕರೆಯುವುದಿಲ್ಲ. ಹೆಚ್ಚೆಂದರೆ 30 ಸೆಕೆಂಡು ಹೊಸ್ತಿಲ ಒಳಗೇ ಹಿಡಿದಿಡುತ್ತದೆ, ಅಷ್ಟೇ. ನಮ್ಮ ಗೂಡಿನ ಒಂದು ರಾತ್ರಿ 30 ಸೆಕೆಂಡಿಗೆ ಇಳಿದಿದೆ ಎಂದುಕೊಂಡೆ.

ಕೊನೆಗೆ ಮಗಳು ಪ್ರಶ್ನೆಗಳನ್ನು ಮೂರಕ್ಕೆ ಇಳಿಸಿದಳು. ಮೂರನೆಯದು ನನ್ನ ಸಲುವಾಗಿ ಸೇರಿಸಿದ್ದು: ಪತ್ರ ಒಬ್ಬರಿಗಲ್ಲದೆ ಗುಂಪಿಗೆ ಹೊರಟಿದ್ದರೆ, ಎಷ್ಟು ಜನರಿಗೆ ಹೋಗುತ್ತಿದೆ ಎಂದು ತಿಳಿಸಿ ನಿಲ್ಲುತ್ತದೆ. ಆಗ ತೆರೆಯ ಮೇಲೆ ಬರುವ ಸಾಲನ್ನು ಕನ್ನಡದಲ್ಲಿ ಏನೆಂದು ಬರೆಯಲಿ ಎಂದು ಕೇಳಿದಳು. 'ಎಚ್ಚರಿಕೆ' ಎಂದರೆ ಜನ ಬೆದರುತ್ತಾರೆ. ನಾನು ಹೇಳಿದ್ದನ್ನೇ ಹಾಕಿದ್ದಾಳೆ: 'ಒಮ್ಮೆ ಓದಿ ನೋಡಿ.' ಚಿಗವ್ವ ಈಗಿಲ್ಲ. ಅವಳ ಮಾತು ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ದುಡಿಯಲಿ.

ಆದರೆ ಯಂತ್ರ ಹೆಸರು ನೋಡೀತು, ಅಂಕಿ ನೋಡೀತು. ಬಾಯಲ್ಲಿ ಸಣ್ಣದಿದ್ದದ್ದು ಕಾಗದದಲ್ಲಿ ದೊಡ್ಡದಾಯಿತೇ ಎಂದು ನೋಡಲು ಮನುಷ್ಯರೇ ಬೇಕು. ಮೆಡೋಸ್ ಟೇಲರನಿಗೆ ಕೊನೆಗಾಲದಲ್ಲಿ ಕಣ್ಣು ಮಂಜಾದವು, 1876ರಲ್ಲಿ ತೀರಿಕೊಂಡ. ಅವನ ಆತ್ಮಕಥೆಯನ್ನು ಸರಿಪಡಿಸಿ 1877ರಲ್ಲಿ ಅಚ್ಚಿಗೆ ಕೊಟ್ಟವಳು ಅವನ ಮಗಳು. ನಮ್ಮ ಅರಸನ ಕೊನೆಯ ಮಾತುಗಳು ಓದುಗರನ್ನು ಮುಟ್ಟುವ ಮುನ್ನ ಒಬ್ಬ ಹೆಣ್ಣುಮಗಳ ಕಣ್ಣು ಕೈಗಳನ್ನು ಹಾದು ಬಂದಿವೆ ಎಂಬುದು ನನಗೆ ಈಚೆಗೆ ಬಹಳ ಹಿಡಿಸಿದ ವಿಷಯ.

ಮಗಳು ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ನಾನು ಆ ಹುಡುಗಿಗೆ ಒಂದು ಪತ್ರ ಬರೆದೆ. ಫೋನಿನಲ್ಲಲ್ಲ, ಕಾಗದದಲ್ಲಿ. ಮಗಳ ಕೈಗೆ ಕೊಟ್ಟು "ಒಮ್ಮೆ ಓದಿ ಹೇಳವ್ವಾ" ಎಂದೆ. ಅವಳು ದೊಡ್ಡದಾಗಿ ಓದಿದಳು. ನಡುವೆ ಒಂದು ಕಡೆ ನಿಂತು, "ಬೆರಳು ಜಾರಿತು ಅಂತ ಬರ್ದೀಯಲ್ಲ, ಆ ಸಾಲು ತೆಗಿ" ಎಂದಳು. ಕೇಳಿದಾಗ ನನಗೂ ಹಾಗೆಯೇ ಅನ್ನಿಸಿತ್ತು. ಹೊಡೆದುಹಾಕಿದೆ. ಉಳಿದದ್ದು ನಾಲ್ಕೇ ಸಾಲು.

ಆ ಕಾಗದವನ್ನು ಒಂದು ರಾತ್ರಿ ಗೂಡಿನಲ್ಲಿಟ್ಟೆ. ಬೆಳಿಗ್ಗೆ ಮಗಳನ್ನು ಬಸ್ಸಿಗೆ ಹತ್ತಿಸಿ ಬರುವಾಗ ಡಬ್ಬಿಗೆ ಹಾಕಿ ಬಂದೆ.